ಒಂಬತ್ತನೆಯ ಕೈ

ಅನಸೂಯ ಟೌನ್ ಪಂಚಾಯ್ತಿಯ ಸದಸ್ಯೆಯಾದದ್ದು ಒಂದು ವಿದ್ಯುತ್ ಕಂಬದ ದೆಸೆಯಿಂದ. ಮದರಾಸಿನ ಪೆರಂಬೂರು ದಾಟಿ ಲೋಕಲ್ ರೈಲಿನಲ್ಲಿ ಇನ್ನೂ ಸ್ವಲ್ಪ ದೂರ ಹೋದರೆ ಸಿಗುವ ಕುಳತ್ತುಮೇಡಿನಲ್ಲಿ ಅವಳ ಮನೆ. ಒಂದು ಮಳೆಗಾಲದಲ್ಲಿ ಅವರ ಬೀದಿಯ ಕಂಬ ಬಿದ್ದುಹೋಗಿ ನಾಲ್ಕು ದಿನವಾದರೂ ಯಾರೂ ತಿರುಗಿ ನೋಡಲಿಲ್ಲ. ಅವಳು ಒಬ್ಬಳೇ ವಿದ್ಯುತ್ ಕಚೇರಿಗೆ ಹೋಗಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತಳು. ಜಗಳ ಆಡಲಿಲ್ಲ, ಕೂಗಾಡಲಿಲ್ಲ. ಸಾಯಂಕಾಲ ಕಚೇರಿ ಮುಚ್ಚುವ ಹೊತ್ತಿಗೂ ಅವಳು ಏಳದೆ ಇದ್ದದ್ದು ನೋಡಿ ಆಳುಗಳನ್ನು ಕಳುಹಿಸಿದರು.

೧೯೮೬ರಲ್ಲಿ, ಬಹಳ ವರ್ಷಗಳ ಮೇಲೆ, ಪಂಚಾಯ್ತಿ ಚುನಾವಣೆ ಬಂತು. ಆ ವಾರ್ಡಿನಲ್ಲಿ ಎರಡು ಪಕ್ಷದವರೂ ಒಬ್ಬರನ್ನೊಬ್ಬರು ಬೈದುಕೊಂಡು ಸುಸ್ತಾಗಿದ್ದಾಗ, "ಆ ಕಂಬದ ಅಮ್ಮನನ್ನೇ ನಿಲ್ಲಿಸಿ" ಎಂದು ಯಾರೋ ಅಂದರು. ರೈಲು ಬೋಗಿ ಕಟ್ಟುವ ಕೋಚ್ ಫ್ಯಾಕ್ಟರಿಯಲ್ಲಿ ಆಳುಗಳ ಮೇಲ್ವಿಚಾರಕ, ಚಾರ್ಜ್‌ಮನ್ ಆಗಿದ್ದ ಅವಳ ಗಂಡ ಕಮಲಾಕರ ಮೊದಲು ನಕ್ಕ. ಗೆದ್ದ ಮೇಲೆ ನಗಲಿಲ್ಲ.

ಒಂದು ವರ್ಷ ಚರಂಡಿ, ಬೀದಿದೀಪ, ನಾಯಿಕಾಟಗಳಲ್ಲಿ ಕಳೆಯಿತು. ಮರುವರ್ಷದ ಬೇಸಗೆಯಲ್ಲಿ ಸಂತೆ ಮೈದಾನದ ವಿಷಯ ಬಂತು.

ಕುಳತ್ತುಮೇಡನ್ನು ರೈಲು ಹಳಿ ಎರಡಾಗಿ ಸೀಳಿತ್ತು. ಹಳಿಯ ಈಚೆ ಮನೆ ಕಟ್ಟಿಕೊಂಡವರು ಹೆಚ್ಚಿನವರು ರೈಲ್ವೆ, ಬ್ಯಾಂಕು, ವಿಮಾ ಕಚೇರಿಗಳಲ್ಲಿ ದುಡಿಯುವವರು. ತಮಿಳರು, ತೆಲುಗರು, ಐದಾರು ಕನ್ನಡದ ಮನೆಗಳು. ಹಳಿಯ ಆಚೆ ಗುಡಿಸಲುಗಳು, ಅವುಗಳ ಹಿಂದೆ ಸೊಪ್ಪು ತರಕಾರಿ ಬೆಳೆಯುವ ತುಂಡು ಹೊಲಗಳು. ಸಂತೆ ಮೈದಾನವೂ ಆಚೆ ಬದಿಗೇ, ಹಳಿಗೆ ಅಂಟಿಕೊಂಡು ಇತ್ತು. ಗುರುವಾರ ಸಂತೆ. ಉಳಿದ ದಿನ ಅಗಸರು ಬಟ್ಟೆ ಒಣಹಾಕುತ್ತಿದ್ದರು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಗುಡಿಸಲಿನವರು ಮದುವೆಗೂ ಸಾವಿಗೂ ಅಲ್ಲೇ ಪೆಂಡಾಲು ಹಾಕುತ್ತಿದ್ದರು. ಅದು ಪಂಚಾಯ್ತಿಗೆ ಸೇರಿದ ಜಾಗ. ಹೇಗೆ ಸೇರಿತೆಂದು ನೆನಪಿದ್ದವರು ಯಾರೂ ಉಳಿದಿರಲಿಲ್ಲ.

ಮದರಾಸಿನ ಪ್ಯಾರೀಸ್ ಕಾರ್ನರಿನ ಒಂದು ವ್ಯಾಪಾರದ ಕಂಪನಿಗೆ ಗೋಡೌನು ಕಟ್ಟಲು ಹಳಿಯ ಪಕ್ಕದ ಜಾಗ ಬೇಕಾಗಿತ್ತು. ಅವರು ಹೇಳಿದ ಬೆಲೆ ಒಳ್ಳೆಯದೇ. ಆ ಹಣ ಕಟ್ಟಿದರೆ ಮದರಾಸಿನ ದೊಡ್ಡ ಪೈಪಿನಿಂದ ಊರಿಗೆ ನೀರು ಎಳೆದು ತರಬಹುದಿತ್ತು. ಊರಿನ ಬಾವಿಗಳೆಲ್ಲ ಉಪ್ಪಾಗಿದ್ದವು. ಎರಡು ವರ್ಷದಿಂದ ಸರಿಯಾಗಿ ಮಳೆಯಿಲ್ಲ. ನೀರಿನ ಲಾರಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಪಂಚಾಯ್ತಿಯಲ್ಲಿ ಅಧ್ಯಕ್ಷರೂ ಸೇರಿ ಒಂಬತ್ತು ಜನ. ಮಾರೋಣ ಎನ್ನುವವರು ನಾಲ್ವರು, ಬೇಡ ಎನ್ನುವವರು ನಾಲ್ವರು. ಅನಸೂಯ ಏನೂ ಹೇಳಿರಲಿಲ್ಲ. ಹಾಗಾಗಿ ಏಪ್ರಿಲ್ ತಿಂಗಳು ಪೂರ್ತಿ ಅವಳ ಮನೆಯ ಜಗಲಿ ಖಾಲಿಯಾಗಲಿಲ್ಲ. ಬಂದವರಿಗೆಲ್ಲ ಕಾಫಿ ಕೊಡಲು ನೀರಿರಲಿಲ್ಲ. ಕೊಡದೆ ಕಳುಹಿಸಲು ಮನಸ್ಸು ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಜಾನಕಮ್ಮ ಬಂದು ನಡುಮನೆಯ ನೆಲದ ಮೇಲೆಯೇ ಕುಳಿತರು. ಅರವತ್ತು ದಾಟಿದ ವಿಧವೆ. ಗಂಡ ರೈಲ್ವೆ ಗಾರ್ಡ್ ಆಗಿದ್ದು ತೀರಿಕೊಂಡಿದ್ದರು. ಮಕ್ಕಳಿಲ್ಲ. ಹಿಂದೆ ಅನಸೂಯ ಟೈಫಾಯಿಡ್ ಆಗಿ ಮಲಗಿದ್ದಾಗ ಅವಳ ಮಗಳು ವಾಸಂತಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ಸ್ಕೂಲಿಗೆ ಕಳುಹಿಸಿದ್ದವರು ಅವರೇ.

"ಲಾರಿ ಬಂದು ಹೋಯ್ತು ಕಣೇ," ಅಂದರು. "ಎರಡು ಕೊಡ ಹಿಡಿದೆ. ಒಂದು ಅಲ್ಲೇ ಎಳೆದಾಟದಲ್ಲಿ ಚೆಲ್ಲಿಹೋಯ್ತು. ಆ ಮೂಲೆಮನೆ ಹುಡುಗಿ ನನ್ನ ಕೈ ಹಿಡಿದು ತಳ್ಳಿದಳು. ನನಗೊಬ್ಬ ಮೊಮ್ಮಗಳಿದ್ದಿದ್ದರೆ ಅವಳ ವಯಸ್ಸೇ ಇರ್ತಿತ್ತು."

"ವಾಸಂತಿ ಬರಲಿ ಮಾಮಿ, ನಮ್ಮನೆಯಿಂದ ಒಂದು ಕೊಡ ತಂದುಹಾಕ್ತಾಳೆ."

"ನಿಮ್ಮನೇಲಿ ಎಲ್ಲಿದೆ? ನಾ ಕೇಳಕ್ಕೆ ಬಂದದ್ದು ಅದಲ್ಲ." ಜಾನಕಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಆ ಮೈದಾನ ಮಾರಿಬಿಡ್ರೇ. ನಮ್ಮಂಥವರಿಗೆ ಅದರಿಂದ ಏನಾಗಬೇಕು? ಮನೆಯೊಳಗೆ ಒಂದು ನಲ್ಲಿ, ತಿರುಗಿಸಿದರೆ ತಣ್ಣಿ. ಅಷ್ಟೇ ಕೇಳ್ತಿರೋದು. ನನಗೆ ಇನ್ನು ಕೊಡ ಹೊರಕ್ಕಾಗಲ್ಲ ಅನಸೂಯಾ."

ತಣ್ಣಿ, ನೀರು, ಕೊಡ, ಲಾರಿ. ಆ ಬೇಸಗೆಯಲ್ಲಿ ಯಾರ ಬಾಯಲ್ಲೂ ಬೇರೆ ಮಾತಿರಲಿಲ್ಲ. ಅನಸೂಯಳ ಸೊಂಟವೂ ನೋಯುತ್ತಿತ್ತು.

"ನೋಡ್ತೀನಿ ಮಾಮಿ," ಅಂದಳು.

"ನೋಡ್ತೀನಿ ಅಂತ ಆಫೀಸಿನವರು ಹೇಳ್ತಾರೆ," ಎಂದು ಜಾನಕಮ್ಮ ಎದ್ದು ಹೋದರು.

ಸಾಯಂಕಾಲ ವಾಸಂತಿ ಕಾಲೇಜಿನಿಂದ ಬಂದವಳು ಚೀಲ ಎಸೆದು ಖಾಲಿ ಕೊಡಗಳನ್ನು ನೋಡಿದಳು. "ಇನ್ನಿಕ್ಕುಂ ಇಲ್ಲಿಯಾ?" ಎಂದು ತಮಿಳಿನಲ್ಲೇ ಗೊಣಗಿದಳು, ಇವತ್ತೂ ಇಲ್ಲವೇ ಎಂದು. ಅವ್ವ ಕನ್ನಡದಲ್ಲಿ ಏನು ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. "ಪರೀಕ್ಷೆ ಹತ್ತಿರ ಬಂತಲ್ಲ, ನೀನು ಓದಿಕೋ, ನಾನು ಹೋಗ್ತೀನಿ" ಎಂದಳು ಅನಸೂಯ. ವಾಸಂತಿ ಅವಳ ಕೈಯಿಂದ ಕೊಡ ಕಿತ್ತುಕೊಂಡು ಸೈಕಲ್ಲಿಗೆ ಕಟ್ಟಿದಳು.

ಕಮಲಾಕರ ಶಿಫ್ಟ್ ಮುಗಿಸಿ ಬಂದು ಅರ್ಧ ಬಕೆಟ್ ಉಪ್ಪುನೀರಿನಲ್ಲಿ ಮೈ ತೊಳೆದುಕೊಂಡ. ಊಟಕ್ಕೆ ಕುಳಿತಾಗ ಅವಳು ಕೇಳಿದಳು, "ನೀವೇನಂತೀರಿ?"

"ನಾನೇನು ಹೇಳಲಿ? ಫ್ಯಾಕ್ಟರಿಯಲ್ಲಿ ನಮ್ಮ ಬೀದಿಯವರೇ ಆರು ಜನ ಇದಾರೆ. ದಿನಾ ಕೇಳ್ತಾರೆ. ಮಾರಿದರೂ ಸರಿ, ಬಿಟ್ಟರೂ ಸರಿ, ಬೇಗ ಮುಗಿಸು."

"ನನಗೆ ಗೊತ್ತಾಗ್ತಾ ಇಲ್ಲ."

"ಗೊತ್ತಿರೋರು ಯಾರೂ ಚುನಾವಣೆಗೆ ನಿಲ್ಲಲ್ಲ," ಅಂದು ಅವನು ಮಜ್ಜಿಗೆ ಸುರಿದುಕೊಂಡ.

ಗುರುವಾರ ಅನಸೂಯ ಹಳಿ ದಾಟಿ ಸಂತೆಗೆ ಹೋದಳು. ಪ್ರತಿ ವಾರ ಹೋಗುವ ಜಾಗವೇ. ಆದರೆ ಆ ದಿನ ಚೀಲ ಹಿಡಿದು ಸುತ್ತುವಾಗ ಜನ ತನ್ನ ಮುಖ ನೋಡಿ ಮಾತು ನಿಲ್ಲಿಸುತ್ತಿದ್ದಾರೆ ಎನಿಸಿತು. ಒಣಮೀನಿನವರ ಸಾಲು, ಮಡಕೆಯವರು, ಬಿದಿರಿನ ಮೊರದವರು, ಹಳೆ ಸೀರೆಗೆ ಪಾತ್ರೆ ಕೊಡುವವನು. ಬಿಸಿಲಿಗೆ ಗೋಣಿತಟ್ಟು ಕಟ್ಟಿಕೊಂಡು ಕುಳಿತಿದ್ದ ಪೂಂಗಾವನಂ ಹತ್ತಿರ ಅವಳು ಯಾವಾಗಲೂ ಸೊಪ್ಪು ಕೊಳ್ಳುತ್ತಿದ್ದಳು. ಪೂಂಗಾವನಂ ಅವಳಿಗಿಂತ ಸ್ವಲ್ಪ ಹಿರಿಯಳು. ಹಳಿಯ ಆಚೆಯ ಒಂದು ತುಂಡು ನೆಲ ಗುತ್ತಿಗೆ ಹಿಡಿದು ಸೊಪ್ಪು ಬೆಳೆಯುತ್ತಿದ್ದಳು.

ಆ ವಾರ ಅವಳ ಮುಂದೆ ಇದ್ದದ್ದು ನಾಲ್ಕು ಕಟ್ಟು ದಂಟು ಮಾತ್ರ. ಅದೂ ಬಾಡಿತ್ತು.

"ಏನು ಕಡಿಮೆ?" ಎಂದು ಅನಸೂಯ ತಮಿಳಿನಲ್ಲಿ ಕೇಳಿದಳು.

"ಬಾವಿ ಬತ್ತಿತು. ಕುಡಿಯೋಕೆ ಇಲ್ಲ, ಸೊಪ್ಪಿಗೆ ಎಲ್ಲಿಂದ ಹಾಕಲಿ?" ಪೂಂಗಾವನಂ ಕಟ್ಟಿನ ಮೇಲೆ ನೀರು ಚಿಮುಕಿಸಲು ಹೋಗಿ ಕೈ ಹಿಂದೆಗೆದಳು. "ನೀನೇ ಅಂತೆ ಹೇಳಬೇಕಾದವಳು. ಮಾರ್ತೀಯಾ?"

"ನೀನೇನು ಹೇಳ್ತೀ?"

"ನನ್ನ ಯಾಕೆ ಕೇಳ್ತೀ ತಾಯೀ? ಮಾರಿದರೆ ಈಗಲೇ ಹೇಳಿಬಿಡು, ಬೇರೆ ಕಡೆ ಜಾಗ ನೋಡ್ಕೋತೀನಿ. ರಸ್ತೆಬದಿ ಕೂತರೆ ಪೊಲೀಸರು ತಕ್ಕಡಿ ಎತ್ಕೊಂಡು ಹೋಗ್ತಾರೆ." ಗೋಣಿತಟ್ಟನ್ನು ಬಿಗಿದು ಕಟ್ಟಿ ಅವಳೇ ಕೇಳಿದಳು, "ಆ ಪೈಪು ನಮ್ಮ ಕಡೆಗೂ ಬರತ್ತಾ?"

"ಕೇಳಿ ಹೇಳ್ತೀನಿ."

"ಬಂದರೆ ಮಾರಿಬಿಡು ಅಂತ ನಾನೂ ಹೇಳ್ತೀನಿ. ನನಗೂ ಸೊಂಟ ಇದೆ." ಪೂಂಗಾವನಂ ದಂಟಿನ ಕಟ್ಟು ಅವಳ ಚೀಲಕ್ಕೆ ಹಾಕಿದಳು. "ಆದರೆ ಒಂದು. ನಮ್ಮ ಹೆಸರು ಹೇಳಿ ಏನೂ ಮಾಡಬೇಡ. ಆಮೇಲೆ ನಿಮ್ಮ ಬೀದಿಯವರೆಲ್ಲ ಬೈಯೋದು ನಮ್ಮನ್ನೇ."

ಅಲ್ಲಿಂದ ಅನಸೂಯ ನೇರವಾಗಿ ಅಧ್ಯಕ್ಷರ ಮನೆಗೆ ಹೋದಳು. ಅಧ್ಯಕ್ಷ ದೈವಸಿಗಾಮಣಿ ಹಿಂದೆ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದವರು. ಈಗ ಉಬ್ಬಸ, ಎರಡು ಮಾತಾಡಿದರೆ ನಿಂತು ಉಸಿರೆಳೆಯಬೇಕು. ಅವಳ ಪ್ರಶ್ನೆ ಕೇಳಿ ಅವರು ತಡವರಿಸಲಿಲ್ಲ.

"ಇಲ್ಲಮ್ಮಾ. ಹಳಿಯ ಕೆಳಗೆ ಪೈಪು ಹಾಕಬೇಕಾದರೆ ರೈಲ್ವೆಯ ಒಪ್ಪಿಗೆ ಬೇಕು, ಅದಕ್ಕೆ ಬೇರೆ ಖರ್ಚು. ಈಗ ಈಚೆ ಬದಿಗೆ ಮಾತ್ರ. ಆಚೆಗೆ ಎರಡನೇ ಹಂತ."

"ಎರಡನೇ ಹಂತ ಯಾವಾಗ?"

ಅವರು ಅವಳನ್ನೇ ನೋಡಿದರು. "ನಿಮಗೆ ಸುಳ್ಳು ಹೇಳಲಾ, ನಿಜ ಹೇಳಲಾ?"

"ಅಂದರೆ ಅವರ ಕಡೆಯ ಜಾಗ ಮಾರಿ ನಮ್ಮ ಕಡೆಗೆ ನೀರು."

"ಜಾಗ ಪಂಚಾಯ್ತಿಯದಮ್ಮಾ, ಆಚೆಯವರದೂ ಅಲ್ಲ, ಈಚೆಯವರದೂ ಅಲ್ಲ." ಉಸಿರೆಳೆದುಕೊಂಡು ಹೇಳಿದರು: "ನಾನು ಕಮಿಷನ್ ತಿಂತೀನಿ ಅಂತ ಊರಲ್ಲಿ ಮಾತಿದೆ. ತಿಂದಿಲ್ಲ. ಅರ್ಧ ಊರಿಗಾದರೂ ನೀರು ಕೊಟ್ಟು ಹೋಗೋಣ ಅಂತ ಆಸೆ. ಇಡೀ ಊರಿಗೆ ಕೊಡೋ ದಾರಿ ನನಗೆ ಕಾಣ್ತಾ ಇಲ್ಲ. ನಿಮಗೆ ಕಂಡರೆ ಹೇಳಿ."

"ಅರ್ಧ ಜಾಗ ಮಾತ್ರ ಮಾರಿದರೆ? ಇಲ್ಲ, ಬಾಡಿಗೆಗೆ ಕೊಟ್ಟರೆ?"

"ಕೇಳಿ ನೋಡಿದೆ. ಪೂರ್ತಿ ಬೇಕು, ಸ್ವಂತಕ್ಕೇ ಬೇಕು ಅಂತಾರೆ."

ಅವಳಿಗೂ ದಾರಿ ಕಾಣಲಿಲ್ಲ. ಅಧ್ಯಕ್ಷರು ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು ಎಂದು ಹಳಿ ದಾಟುವಾಗ ಅವಳಿಗೆ ಅನ್ನಿಸಿತು.

ಸಭೆ ಮೇ ತಿಂಗಳ ಮೊದಲ ವಾರ ಸೇರಿತು. ಪಂಚಾಯ್ತಿ ಕಟ್ಟಡದ ಸಣ್ಣ ಹಾಲಿನಲ್ಲಿ ಫ್ಯಾನು ಬಿಸಿ ಗಾಳಿಯನ್ನು ತಿರುವಿಹಾಕುತ್ತಿತ್ತು. ಕಿಟಕಿಯಾಚೆ ಅವಳ ಬೀದಿಯ ಹೆಂಗಸರು ಖಾಲಿ ಕೊಡಗಳನ್ನು ಹಿಡಿದು ನಿಂತಿದ್ದರು; ಜಾನಕಮ್ಮನೂ ಇದ್ದರು. ಹಳಿಯ ಆಚೆಯಿಂದ ಹೆಚ್ಚು ಜನ ಬಂದಿರಲಿಲ್ಲ. ಅದು ದುಡಿಮೆಯ ದಿನ.

ಎಲ್ಲರೂ ಮೊದಲು ಹೇಳಿದ್ದನ್ನೇ ಮತ್ತೆ ಹೇಳಿದರು. ಅನಸೂಯಳ ಸರದಿ ಬಂದಾಗ ಅವಳು ಎದ್ದು ನಿಂತಳು. ಏನು ಮಾತಾಡಬೇಕೆಂದು ಮನೆಯಲ್ಲಿ ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು.

"ನಮ್ಮ ಮನೆಯಲ್ಲಿ ಇವತ್ತು ಅಡಿಗೆಗೆ ನೀರಿಲ್ಲ," ಅಂದಳು. "ನನಗೂ ಪೈಪು ಬೇಕು. ಅದು ಹಳಿ ದಾಟಿ ಹೋಗುತ್ತೆ ಅಂತ ಈಗ ಇಲ್ಲಿ ಬರೆದು ಕೊಟ್ಟರೆ ಮಾರೋಣ ಅಂತ ಕೈ ಎತ್ತುತ್ತೇನೆ."

ಹಾಗೆ ಬರೆದು ಕೊಡಲಾಗದು ಎಂದು ಅಧ್ಯಕ್ಷರು ತಲೆಯಾಡಿಸಿ, ಮಾರುವ ಪರವಾಗಿರುವವರು ಕೈ ಎತ್ತಿ ಎಂದರು. ನಾಲ್ಕು ಕೈ ಎದ್ದವು. ಬೇಡ ಎನ್ನುವವರು ಎಂದರು. ನಾಲ್ಕು ಕೈ ಎದ್ದವು. ಆಮೇಲೆ ಐದನೆಯದಾಗಿ ಅವಳ ಕೈ, ತೂಕದ ವಸ್ತು ಎತ್ತಿದ ಹಾಗೆ, ನಿಧಾನವಾಗಿ ಎದ್ದಿತು. ಕಿಟಕಿಯ ಹೊರಗೆ ಯಾರದೋ ಕೊಡ ಕೆಳಗೆ ಬಿದ್ದ ಸದ್ದಾಯಿತು. ಅವಳು ಆ ಕಡೆ ನೋಡಲಿಲ್ಲ.

ಆ ವಾರ ಲಾರಿಯ ಸಾಲಿನಲ್ಲಿ ಅವಳ ಕೊಡಗಳ ಮುಂದೆಯೂ ಹಿಂದೆಯೂ ಜಾಗ ಬಿಟ್ಟು ಉಳಿದವರು ಕೊಡ ಇಟ್ಟರು. ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರವನ್ನಾದರೂ ಕೊಡಬಹುದಿತ್ತು. ಕಮಲಾಕರ ಫ್ಯಾಕ್ಟರಿಯಿಂದ ಬಂದು ಮಾತಿಲ್ಲದೆ ಉಂಡು ಮಲಗುತ್ತಿದ್ದ. "ಯಾರೇನಂದರು?" ಎಂದು ಅವಳು ಕೇಳಿದರೆ, "ಏನಂತಾರೆ, ಮಹಾರಾಣಿ ಚೆನ್ನಾಗಿದಾರಾ ಅಂತಾರೆ" ಎಂದು ಗೋಡೆಯ ಕಡೆ ತಿರುಗುತ್ತಿದ್ದ. ವಾಸಂತಿ ಒಬ್ಬಳೇ, ಒಂದು ಸಂಜೆ ಕೊಡ ಇಳಿಸುತ್ತಾ, "ನೀ ಸೆಂಜದು ಸರಿದಾನ್ ಮಾ" ಎಂದಳು. ನೀನು ಮಾಡಿದ್ದು ಸರಿ ಎಂದು. ಆಮೇಲೆ ತನ್ನ ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತಾ, "ಸರಿಯೋ ತಪ್ಪೋ, ಸಾಕಾಯ್ತು" ಎಂದು ಅಪರೂಪಕ್ಕೆ ಕನ್ನಡದಲ್ಲಿ ಸೇರಿಸಿದಳು.

ಜಾನಕಮ್ಮ ಎರಡು ಮನೆಗಳ ನಡುವಿನ ಬಾಗಿಲನ್ನು ಹಾಕಿಕೊಂಡಿದ್ದರು. ಅನಸೂಯ ಕಳುಹಿಸಿದ ಹುಳಿಯ ಪಾತ್ರೆ ಹಾಗೇ ಹಿಂದಿರುಗಿ ಬಂತು.

ಜೂನ್ ತಿಂಗಳಲ್ಲಿ ಒಂದು ಬೆಳಗ್ಗೆ ಲಾರಿ ಬೀದಿಯ ತುದಿಯಲ್ಲೇ ನಿಂತಿತು. ಚಕ್ರ ಪಂಕ್ಚರ್ ಆಗಿ ಮುಂದೆ ಬರಲಾಗಲಿಲ್ಲ. ಎಲ್ಲರೂ ಅಲ್ಲಿಗೇ ಓಡಿದರು. ಲಾರಿಯ ಸುತ್ತ ನೀರು ಚೆಲ್ಲಿ ಕೆಸರಾಗಿತ್ತು. ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡು ತಿರುಗುವಾಗ ಜಾನಕಮ್ಮನ ಕಾಲು ಜಾರಿತು. ಅವರು ಬಿದ್ದ ಸದ್ದಿಗಿಂತ ಕೊಡ ಒಡೆದ ಸದ್ದು ಜೋರಾಗಿತ್ತು ಎಂದು ಆಮೇಲೆ ಹೆಂಗಸರು ಹೇಳಿದರು. ಅನಸೂಯ ಓಡಿ ಬಂದಾಗ ಅವರು ಕೆಸರಿನಲ್ಲಿ ಕುಳಿತು, ಏಳಲಾಗದೆ, ಒಡೆದ ಪ್ಲಾಸ್ಟಿಕ್ ಕೊಡವನ್ನು ಇನ್ನೂ ಹಿಡಿದುಕೊಂಡಿದ್ದರು.

ಸೊಂಟದ ಚಪ್ಪೆಮೂಳೆ ಮುರಿದಿತ್ತು. ಪೆರಂಬೂರಿನ ರೈಲ್ವೆ ಆಸ್ಪತ್ರೆಗೆ ಸೇರಿಸಿದರು. ಗಾರ್ಡಿನ ಹೆಂಡತಿಯೆಂದು ಅವರಿಗೆ ಅಲ್ಲಿ ಹಾಸಿಗೆ ಸಿಕ್ಕಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಅನಸೂಯ ದಿನವೂ ರೈಲು ಹತ್ತಿ ಹೋಗಿ ಮೈ ಒರೆಸಿ, ಸೀರೆ ಬದಲಿಸಿ, ಗಂಜಿ ಕುಡಿಸಿ ಬರುತ್ತಿದ್ದಳು. ಜಾನಕಮ್ಮ ಬೇಡ ಎನ್ನಲಿಲ್ಲ, ಬಾ ಎಂದೂ ಹೇಳಲಿಲ್ಲ. ಆಸ್ಪತ್ರೆಯ ನಲ್ಲಿಯಲ್ಲಿ ನೀರು ಧಾರಾಳವಾಗಿ ಬರುತ್ತಿತ್ತು. ಆ ಸದ್ದು ಇಬ್ಬರಿಗೂ ಕೇಳುತ್ತಿತ್ತು.

ಒಂದು ದಿನ ಅನಸೂಯ ತಡೆಯಲಾರದೆ ಅಂದಳು, "ಮಾಮಿ, ನನ್ನಿಂದ ನಿಮಗೆ ಹೀಗಾಯ್ತು."

ಜಾನಕಮ್ಮ ಹೊದಿಕೆ ಸರಿಮಾಡಿಕೊಂಡರು. "ಜಾರಿದ್ದು ನನ್ನ ಕಾಲು," ಎಂದರು. "ಆದರೆ ನಿನ್ನ ಮೇಲೆ ಕೋಪ ಇಲ್ಲ ಅಂದರೆ ಸುಳ್ಳಾಗತ್ತೆ. ನಾನು ಕೇಳಿದ್ದು ಒಂದೇ ಒಂದು. ನೀನು ಕೊಡಲಿಲ್ಲ."

"ಹೌದು."

"ಆ ಕಡೆಯವರು ನಿನಗೆ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ."

"ಮತ್ತೆ?"

ಅನಸೂಯ ಗಂಜಿಯ ಲೋಟ ಕೆಳಗಿಟ್ಟಳು. "ಅವರ ಮೈದಾನ ಮಾರಿದ ನೀರು ನಮ್ಮ ನಲ್ಲಿಯಲ್ಲಿ ಬಂದರೆ, ನಾನು ಗುರುವಾರ ಎಲ್ಲಿಗೆ ಅಂತ ಹೋಗಿ ಸೊಪ್ಪು ತರಲಿ ಮಾಮಿ?" ಎಂದಳು. ಅದು ಉತ್ತರವಲ್ಲ ಎಂದು ಅವಳಿಗೇ ಗೊತ್ತಿತ್ತು. ಜಾನಕಮ್ಮ ಕಣ್ಣು ಮುಚ್ಚಿಕೊಂಡು, "ತಲೆದಿಂಬು ಸ್ವಲ್ಪ ಮೇಲಕ್ಕೆ ಮಾಡು" ಎಂದರು.

ಆಮೇಲಿನ ಎರಡು ವರ್ಷ ಅವಳೂ ದೈವಸಿಗಾಮಣಿಯವರೂ ಕಚೇರಿಗಳಿಗೆ ಅಲೆದರು. ಸಭೆಯಲ್ಲಿ ಸೋತದ್ದಕ್ಕೆ ಅವರಿಗೆ ಅವಳ ಮೇಲೆ ಸಿಟ್ಟಿರಬೇಕು. ಆದರೂ "ನೀವು ತಂದ ಕಷ್ಟ, ಜೊತೆಗೆ ಬನ್ನಿ" ಎಂದು ಕರೆದುಕೊಂಡು ಹೋಗುತ್ತಿದ್ದರು. ಸಾಲ ಕೊಡಿ ಎಂದು ಒಂದು ಕಚೇರಿ, ಹಳಿಯ ಕೆಳಗೆ ಪೈಪು ಹಾಕಲು ಬಿಡಿ ಎಂದು ಇನ್ನೊಂದು. ಮೆಟ್ಟಿಲು ಹತ್ತುವಾಗ ಅಧ್ಯಕ್ಷರು ನಿಲ್ಲುತ್ತಿದ್ದರು, ಅವಳೂ ನಿಂತುಕೊಳ್ಳುತ್ತಿದ್ದಳು. ಕೆಲವು ದಿನ ಅಧಿಕಾರಿಗಳು ಇರುತ್ತಿರಲಿಲ್ಲ. ಇದ್ದ ದಿನ ಮುಂದಿನ ತಿಂಗಳು ಬನ್ನಿ ಎನ್ನುತ್ತಿದ್ದರು. ಅವಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ಬಾಗಿಲ ಪಕ್ಕ ಕುಳಿತುಕೊಳ್ಳುವುದು. ಅದನ್ನೇ ಮಾಡಿದಳು. ಹಿಂದಿರುಗುವ ರೈಲಿನಲ್ಲಿ ಇಬ್ಬರೂ ಕುಳಿತಲ್ಲೇ ನಿದ್ದೆ ಹೋಗುತ್ತಿದ್ದರು. ಒಂದು ಸಲ ತಮ್ಮ ಸ್ಟೇಷನ್ ದಾಟಿ ಆವಡಿಯವರೆಗೂ ಹೋಗಿಬಿಟ್ಟರು.

ಮೈದಾನ ಉಳಿಯಿತು. ಆದರೆ ಅದನ್ನು ಉಳಿಸಿಕೊಂಡು ಊರು ಚೆಂದವಾಗಲಿಲ್ಲ. ಒಂದು ಮೂಲೆಯಲ್ಲಿ ಕಸದ ಗುಡ್ಡೆ ಬೆಳೆಯಿತು. ಇನ್ನೊಂದು ಮೂಲೆಯಲ್ಲಿ ಯಾವುದೋ ಪಕ್ಷದವರು ಓಲೆಯ ಚಪ್ಪರ ಹಾಕಿ ಬಾವುಟ ನೆಟ್ಟರು. ಅದನ್ನು ತೆಗೆಸಲು ಅವಳಿಗೆ ಎಂಟು ತಿಂಗಳು ಹಿಡಿಯಿತು. ಮಳೆ ಬಂದಾಗ ಸಂತೆಯೆಲ್ಲ ಕೆಸರು. "ಉಳಿಸಿಕೊಟ್ಟೆ, ಸರಿ. ಮೇಲೊಂದು ಸೂರು ಹಾಕಿಸಬಾರದಾ?" ಎಂದು ಪೂಂಗಾವನಂ ಕೇಳಿದಳು. ಅವಳು ಒಮ್ಮೆಯೂ ಉಪಕಾರವಾಯಿತೆಂದು ಹೇಳಲಿಲ್ಲ. ಸೊಪ್ಪಿನ ಬೆಲೆಯನ್ನೂ ಇಳಿಸಲಿಲ್ಲ.

ಅಂತೂ ಸಾಲವೂ ರೈಲ್ವೆಯ ಒಪ್ಪಿಗೆಯೂ ಸಿಕ್ಕಿ ಪೈಪು ಬಂದದ್ದು ೧೯೮೯ರ ಕೊನೆಯಲ್ಲಿ. ಮನೆಮನೆಗೆ ಅಲ್ಲ. ಈಚೆ ಬದಿಗೆ ಬೀದಿಗೊಂದು ನಲ್ಲಿ, ಹಳಿಯ ಆಚೆ ಎರಡು. ಎರಡು ದಿನಕ್ಕೊಮ್ಮೆ ನೀರು. ಆಚೆಯ ನಲ್ಲಿಗಳಲ್ಲಿ ಒತ್ತಡ ಕಡಿಮೆ, ಧಾರೆ ಸಣ್ಣಗೆ ಬೀಳುತ್ತಿತ್ತು. ಮೊದಲ ನೀರು ಬಂದ ಬೆಳಗ್ಗೆ ಬೀದಿಯಲ್ಲಿ ಗಲಾಟೆಯೆದ್ದಿತು. ಕಮಲಾಕರ ಬಂದು ಅವಳ ಹೆಗಲು ಅಲುಗಿಸಿ, "ಏಳೇ, ನಿನ್ನ ನೀರು ಬಂತು, ನೋಡು ಬಾ" ಎಂದ. ಅವನ ದನಿಯಲ್ಲಿ ಬಹಳ ದಿನದ ಮೇಲೆ ಹಳೆಯ ನಗು ಇತ್ತು. ಅವಳು, "ನೀವು ನೋಡಿ" ಎಂದು ಹೊದಿಕೆ ಎಳೆದುಕೊಂಡಳು. ಅವನೇ ಕೊಡ ತೆಗೆದುಕೊಂಡು ಹೋದ.

ಜಾನಕಮ್ಮ ಅಷ್ಟು ಹೊತ್ತಿಗೆ ಕೋಲು ಹಿಡಿದು ನಡೆಯುತ್ತಿದ್ದರು. ನಡುವಿನ ಬಾಗಿಲು ಯಾವಾಗ ತೆರೆಯಿತೋ ಇಬ್ಬರಿಗೂ ನೆನಪಿಲ್ಲ. ಅವರ ಮನೆಗೆ ನೀರು ಹೊತ್ತು ಹಾಕುವುದು ಅನಸೂಯಳ ಕೆಲಸವಾಗಿತ್ತು. ವಾಸಂತಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ, ಅವಳು ಬೆಳಗ್ಗೆ ಬೇಗ ಹೊರಟುಬಿಡುತ್ತಿದ್ದಳು.

ಮರುವರ್ಷ ಪಂಚಾಯ್ತಿಯ ಅವಧಿ ಮುಗಿಯಲು ಸ್ವಲ್ಪ ಕಾಲವಿರುವಾಗ ಮತ್ತೊಂದು ಸಭೆಯ ಕರೆ ಬಂತು. ಈ ಸಲ ಯಾರೋ ಮದುವೆ ಛತ್ರ ಕಟ್ಟಿಸಲು ಸಂತೆ ಮೈದಾನ ಕೇಳುತ್ತಿದ್ದರು. ಬರುವ ಹಣದಿಂದ ಆಚೆಯ ನಲ್ಲಿಗಳಿಗೆ ಮೋಟಾರು ಹಾಕಿಸಬಹುದು, ರಸ್ತೆಗೆ ಟಾರು ಹಾಕಿಸಬಹುದು ಎಂಬ ಮಾತಿತ್ತು. ಅನಸೂಯ ಸೀರೆಯ ನೆರಿಗೆ ಸರಿಮಾಡಿಕೊಂಡು ಹೊರಡುವಾಗ ಜಾನಕಮ್ಮ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು.

"ಮತ್ತೆ ಅದೇನಾ?" ಎಂದರು.

"ಮತ್ತೆ ಅದೇ ಮಾಮಿ."

"ಈ ಸಲ ಏನು ಮಾಡ್ತೀ?"

"ಗೊತ್ತಿಲ್ಲ. ಈ ಸಲ ಆಚೆಯವರಿಗೂ ಉಪಯೋಗ ಇದೆ ಅಂತಾರೆ. ಹೋಗಿ ಕೇಳಬೇಕು."

"ಗೊತ್ತಿಲ್ಲ ಅಂತಾಳೆ," ಎಂದು ಜಾನಕಮ್ಮ ತಮಗೆ ತಾವೇ ಹೇಳಿಕೊಂಡರು. ಕೋಲಿನಿಂದ ಪಕ್ಕದ ಚಪ್ಪಲಿಯನ್ನು ಅವಳ ಕಡೆಗೆ ಸರಿಸಿದರು. "ಹೋಗು. ಹೊತ್ತಾಗತ್ತೆ. ಬರೋವಾಗ ಎರಡು ನಿಂಬೆಹಣ್ಣು ತಾ."

ಅನಸೂಯ ಚಪ್ಪಲಿ ಮೆಟ್ಟಿಕೊಂಡಳು. ಬಿಸಿಲು ಇನ್ನೂ ಇಳಿದಿರಲಿಲ್ಲ. ಅವಳು ಛತ್ರಿ ಬಿಚ್ಚಿ, ಅವಸರವಿಲ್ಲದೆ, ಪಂಚಾಯ್ತಿ ಕಟ್ಟಡದ ಕಡೆಗೆ ನಡೆದಳು.